ಬಳ್ಳಿಗೆ ಕಾಯಿ ಭಾರವೇ?

ಬಳ್ಳಿಗೆ ಕಾಯಿ ಭಾರವೇ, ಹೆತ್ತವರಿಗೆ ಮಕ್ಕಳು ಭಾರವೇ? ತಾಯಿಯೇ ಈ ಮಾತು ಹೇಳಿದರೆ ಅದು ಪ್ರೀತಿ. ಆಚೆ ಮನೆಯವರು ಹೇಳಿ ಎದ್ದುಹೋದರೆ ಅದು ಕೈತೊಳೆದುಕೊಳ್ಳುವುದು. ನಾವು ಈ ಗಾದೆ ಬಳಸುವುದು ಬಹುಪಾಲು ಎರಡನೆಯ ರೀತಿಯಲ್ಲೇ.

ಗಾದೆಯ ಬಳ್ಳಿಯನ್ನೇ ನೋಡಿ. ಬೂದುಗುಂಬಳದ ಬಳ್ಳಿ ಕಿರುಬೆರಳಿನಷ್ಟೂ ದಪ್ಪವಿರುವುದಿಲ್ಲ, ಕಾಯಿ ನಾಲ್ಕೈದು ಕಿಲೋ ತೂಗುತ್ತದೆ. ಆದರೆ ಆ ಕಾಯಿ ಕೂತಿರುವುದು ಕೊಟ್ಟಿಗೆಯ ಮಾಡಿನ ಮೇಲೆ, ಇಲ್ಲವೇ ಚಪ್ಪರದ ಮೇಲೆ, ಅದೂ ಇಲ್ಲದಿದ್ದರೆ ನೆಲದ ಮೇಲೆ. ಗಾದೆ ಕಟ್ಟಿದವರ ಕಣ್ಣೆದುರೇ ಚಪ್ಪರವಿತ್ತು. ಅದನ್ನು ಬೇರೆ ಹೇಳಬೇಕೆಂದು ಅವರಿಗೆ ಅನ್ನಿಸಿರಲಾರದು. ಚಪ್ಪರ ಹಾಕದವರಿಗೆ ಈ ಗಾದೆ ಹೇಳುವ ಹಕ್ಕಿಲ್ಲ ಎಂದೇ ನನ್ನ ಎಣಿಕೆ.

ಆಸರೆ ಬೇಕಾಗುವುದು ಬಳ್ಳಿಗೆ ಮಾತ್ರವಲ್ಲ. ಮರಗಳಲ್ಲಿ ಹಲಸೇನೋ ಕಾಂಡಕ್ಕೇ, ದಪ್ಪ ಕೊಂಬೆಗೇ ಕಾಯಿ ಕಟ್ಟಿಕೊಳ್ಳುತ್ತದೆ. ಸೀಬೆ ಹಾಗಲ್ಲ. ಅದು ಹೂ ಬಿಡುವುದು ಹೊಸ ಚಿಗುರಿನಲ್ಲಿ, ಭಾರವೆಲ್ಲ ತೆಳ್ಳನೆಯ ತುದಿಗೇ. ಹಿತ್ತಿಲ ಕಸಿಮಾವಿನ ಪಾಡೂ ಅಷ್ಟೇ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಭರಣಿ, ಕೃತ್ತಿಕೆಯ ಗಾಳಿಮಳೆ. ಎಲೆ ನೆನೆದು ಕೊಂಬೆ ಜಗ್ಗುತ್ತದೆ, ಕವಲಿನಲ್ಲಿ ಸೀಳಿ ಕಾಂಡದ ತೊಗಟೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಕಾಯಿ ಹೋದರೆ ಹೋಗಲಿ, ಆ ಗಾಯ ಮಾಯಲು ವರ್ಷಗಳು ಬೇಕು.

ಕವೆಗೋಲು ಕೊಡಬೇಕಾದ್ದು ಕೊಂಬೆ ಬಾಗತೊಡಗಿದಾಗಲೇ. ಕವೆಗೆ ಗೋಣಿತಾಟು ಸುತ್ತಿ, ಕೊಂಬೆಯ ನಡುವಿನಿಂದ ತುಸು ಆಚೆಗೆ ಆನಿಸಬೇಕು. ಮಳೆಗೆ ನೆಲ ಮೆತ್ತಗಾಗಿ ಕೋಲು ಕುಸಿಯದಂತೆ ಬುಡಕ್ಕೊಂದು ಚಪ್ಪಟೆ ಕಲ್ಲು. ಬಾಗಿದ್ದನ್ನು ಹಟಕ್ಕೆ ಬಿದ್ದು ಮೊದಲಿನ ಎತ್ತರಕ್ಕೆ ಏರಿಸಬಾರದು, ಮುರಿಯುವುದು ಆಗಲೇ. ಇದ್ದಲ್ಲೇ ಅಂಗೈ ಕೊಟ್ಟು ಕೊಂಚ ಎತ್ತಿ ಕೋಲು ಸೇರಿಸಿದರೆ ಸಾಕು. ತಂತಿಯಲ್ಲಿ ಬಿಗಿದು ಕಟ್ಟುವವರನ್ನು ಕಂಡರೆ ನನಗೆ ಸಂಕಟ. ಎಲೆ ಮಾಡಿದ ಆಹಾರ ಹರಿಯುವುದು ತೊಗಟೆಯ ಒಳಪದರದಲ್ಲಿ, ತಂತಿ ಕೊರೆಯುವುದು ಅದನ್ನೇ. ಕಟ್ಟಲೇಬೇಕಾದರೆ ಹಳೆ ಸೀರೆಯ ಅಗಲ ಪಟ್ಟಿ ಆಗುತ್ತದೆ.

ಕಾಯಿ ಕಿತ್ತಾದ ಮೇಲೆ ಕೋಲು ತೆಗೆಯಬೇಕು. ಕೊಂಬೆ ದಪ್ಪವಾಗುವುದು ಗಾಳಿಗೆ ತೂಗಾಡಿಯೇ. ಸೀಬೆಯಾದರೆ ಉದ್ದ ಕೊಂಬೆಗಳ ತುದಿಯನ್ನೂ ಸವರಿಬಿಡಿ. ಚಿಗುರು ಕಾಂಡಕ್ಕೆ ಹತ್ತಿರದಲ್ಲೇ ಒಡೆಯುತ್ತದೆ, ಮುಂದಿನ ಫಸಲಿನ ಭಾರ ಅಷ್ಟು ಆಚೆಗೆ ಬೀಳುವುದಿಲ್ಲ.