ಕೋಟೆಯ ಚೆಲುವೂ ನೋಡುವವನ ಧರ್ಮವೂ

ಸುಂದರವಾದುದೆಲ್ಲ ಒಳ್ಳೆಯದೂ ಆಗಿರಲೆಂದು ಮನುಷ್ಯನ ಮನಸ್ಸು ಸಹಜವಾಗಿ ಹಂಬಲಿಸುತ್ತದೆ. ಹೂವಿನ ಮುಂದೆ, ಹೊಳೆಯ ಮುಂದೆ, ನಗುವ ಮಗುವಿನ ಮುಂದೆ ಈ ಹಂಬಲಕ್ಕೆ ಭಂಗವಿಲ್ಲ. ಆದರೆ ಮನುಷ್ಯನೇ ಕಟ್ಟಿದ ವಸ್ತುಗಳ ಎದುರು ನಿಂತಾಗ ಅದಕ್ಕೆ ಪೆಟ್ಟು ಬೀಳುವ ಪ್ರಸಂಗಗಳು ಅನೇಕ. ಪರರನ್ನು ತುಳಿದಿಡುವುದಕ್ಕೆಂದೇ ನಿರ್ಮಿತವಾದ ಕಟ್ಟಡವೊಂದು ಕಣ್ಣಿಗೆ ಅತ್ಯಂತ ಮನೋಹರವಾಗಿ ಕಂಡರೆ, ಅದನ್ನು ನೋಡಿ ಆನಂದಪಡುವುದು ಧರ್ಮವೋ ಅಧರ್ಮವೋ? ಯಾತ್ರೆಯೂ ಪ್ರವಾಸವೂ ಎಲ್ಲರಿಗೂ ಸುಲಭವಾಗಿರುವ ಈ ಕಾಲದಲ್ಲಿ ಇದು ಕೇವಲ ಪಂಡಿತರ ಚರ್ಚೆಗೆ ಮೀಸಲಾದ ಪ್ರಶ್ನೆಯಲ್ಲ. ಕೋಟೆಯೊಂದರ ಮೆಟ್ಟಿಲೇರುವ ಪ್ರತಿಯೊಬ್ಬನೂ ಅರಿತೋ ಅರಿಯದೆಯೋ ಇದಕ್ಕೆ ಒಂದು ಉತ್ತರವನ್ನು ಕೊಟ್ಟುಕೊಂಡೇ ಏರುತ್ತಾನೆ.

ಈ ಪ್ರಶ್ನೆಯನ್ನು ವಿಚಾರಿಸಲು ವೇಲ್ಸ್ ದೇಶದ ಕರಾವಳಿಗಿಂತ ತಕ್ಕ ಸ್ಥಳ ವಿರಳ. ಆ ಪುಟ್ಟ ನಾಡು 2012ರಲ್ಲಿ ತನ್ನ ಕಡಲಂಚಿನುದ್ದಕ್ಕೂ ಸುಮಾರು 1,400 ಕಿಲೋಮೀಟರುಗಳ ಕಾಲುದಾರಿಯನ್ನು ತೆರೆಯಿತು. ಪಾದಚಾರಿಗಳು ಆ ದಾರಿಯನ್ನೂ, ಸೈಕಲ್ ಸವಾರರು ಅದರ ಆಸುಪಾಸಿನ ಊರರಸ್ತೆಗಳನ್ನೂ ಹಿಡಿದು ಒಂದು ಕೋಟೆಯಿಂದ ಇನ್ನೊಂದಕ್ಕೆ ಸಾಗುತ್ತಾರೆ. ವಾಯವ್ಯದಲ್ಲಿರುವ ಗ್ವಿನೆಡ್ ಪ್ರಾಂತದಲ್ಲಿ, ಒಂದೇ ಕೊಲ್ಲಿಯ ಎರಡು ದಡಗಳಲ್ಲಿ ಎರಡು ಕೋಟೆಗಳು ಎದುರುಬದುರಾಗಿ ನಿಂತಿವೆ. ಒಂದು ಕ್ರಿಕಿಯೆತ್, ಇನ್ನೊಂದು ಹಾರ್ಲೆಕ್. ಆಕಾಶ ತಿಳಿಯಾಗಿದ್ದ ದಿನ ಒಂದರಿಂದ ಇನ್ನೊಂದನ್ನು ಕಾಣಬಹುದು.

ಹಾರ್ಲೆಕ್ ಕೋಟೆಯು ಸುಮಾರು 60 ಮೀಟರ್ ಎತ್ತರದ ಕಡಿದಾದ ಬಂಡೆಯ ಮೇಲಿದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ದುಂಡು ಬುರುಜುಗಳು, ಪೂರ್ವಕ್ಕೆ ಪರ್ವತಪ್ರಾಯವಾದ ಮಹಾದ್ವಾರ, ಉತ್ತರಕ್ಕೆ ಸ್ನೋಡನ್ ಶಿಖರಶ್ರೇಣಿ, ಪಶ್ಚಿಮಕ್ಕೆ ಕಡಲು. ಕೋಟೆ ಕಟ್ಟಿದ ಕಾಲದಲ್ಲಿ ಅಲೆಗಳು ಬಂಡೆಯ ಬುಡದ ಹತ್ತಿರಕ್ಕೆ ಬರುತ್ತಿದ್ದವು. ಹಡಗಿನಿಂದ ಇಳಿಸಿದ ಸಾಮಗ್ರಿಯನ್ನು 108 ಮೆಟ್ಟಿಲುಗಳ ದಾರಿಯಿಂದ ಮೇಲಕ್ಕೆ ಹೊರುತ್ತಿದ್ದರು. ಇಂದು ಸಮುದ್ರವು ದೂರ ಸರಿದಿದೆ. ನಡುವೆ ಮರಳುದಿಬ್ಬಗಳೂ ಹುಲ್ಲುಬಯಲೂ ಹರಡಿವೆ. ಸೈಕಲ್ಲಿನಲ್ಲಿ ಬಂದವನೂ ಇಲ್ಲಿ ಇಳಿದು ನಡೆಯಲೇಬೇಕು. ಈ ಊರಿನ ಒಂದು ಬೀದಿಯನ್ನು 2019ರಲ್ಲಿ ಜಗತ್ತಿನಲ್ಲೇ ಅತಿ ಕಡಿದಾದ ಬೀದಿಯೆಂದು ದಾಖಲಿಸಲಾಗಿತ್ತು; ಮರುವರ್ಷ ಆ ಬಿರುದು ನ್ಯೂಜಿಲೆಂಡಿನ ಬೀದಿಯೊಂದಕ್ಕೆ ಮರಳಿತೆಂಬುದು ಬೇರೆ ಮಾತು. ಒಟ್ಟಿನಲ್ಲಿ ಬಂಡೆಯೂ ಕೋಟೆಯೂ ಒಂದೇ ಕಲ್ಲಿನಿಂದ ಮೂಡಿಬಂದಂತೆ ತೋರುವ ಆ ದೃಶ್ಯವು ಮನಸ್ಸನ್ನು ಸೆಳೆಯದಿರದು. 1986ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನೂ ಇದರ ಸೋದರ ಕೋಟೆಗಳಾದ ಕಾನ್ವಿ, ಕರ್ನಾರ್ವನ್, ಬ್ಯೂಮಾರಿಸ್‌ಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಯೋಗ್ಯವೇ ಆಗಿದೆ.

ಆದರೆ ಈ ಚೆಲುವಿನ ಹುಟ್ಟು ಎಂತಹುದು? 1282ರ ಡಿಸೆಂಬರಿನಲ್ಲಿ ವೇಲ್ಸಿನ ರಾಜಕುಮಾರ ಲೆವೆಲಿನ್ ಆಪ್ ಗ್ರಿಫಿತ್ ಹತನಾದನು. ಮರುವರ್ಷವೇ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನು ಗೆದ್ದ ನಾಡು ಮತ್ತೆ ತಲೆಯೆತ್ತದಂತೆ ಕೋಟೆಗಳ ಸರಪಳಿಯನ್ನು ಬಿಗಿಯತೊಡಗಿದನು. ಹಾರ್ಲೆಕ್ ಅದರ ಒಂದು ಕೊಂಡಿ. ಕಾನ್ವಿಯಲ್ಲಿ ವೇಲ್ಸಿನ ಹಿರಿಯ ದೊರೆ ಮಹಾ ಲೆವೆಲಿನ್ನನ ಸಮಾಧಿಯಿದ್ದ ಸನ್ಯಾಸಿಗಳ ಮಠವೊಂದಿತ್ತು. ಆ ಮಠವನ್ನೇ ಕಣಿವೆಯ ಮೇಲ್ಭಾಗಕ್ಕೆ ಸ್ಥಳಾಂತರಿಸಿ, ಅದರ ನೆಲದಲ್ಲಿ ಕೋಟೆಯನ್ನೂ, ಇಂಗ್ಲಿಷ್ ವಲಸೆಗಾರರಿಗಾಗಿ ಗೋಡೆ ಸುತ್ತಿದ ಪಟ್ಟಣವನ್ನೂ ಎಬ್ಬಿಸಲಾಯಿತು. ಬ್ಯೂಮಾರಿಸ್‌ಗಾಗಿ ಲಾನ್‌ವೈಸ್ ಎಂಬ ಏಳಿಗೆಯ ಊರಿನ ಜನರನ್ನು ಎಬ್ಬಿಸಿ ದೂರದಲ್ಲಿ ನೆಲೆಗೊಳಿಸಲಾಯಿತು. ಗುರುಹಿರಿಯರ ಸಮಾಧಿಯ ನೆಲವೆಂದರೆ ಏನೆಂಬುದನ್ನು ಬಲ್ಲ ನಮ್ಮ ವಾಚಕರಿಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ.

"ಏಳುನೂರು ವರ್ಷಗಳ ಹಿಂದಿನ ಮಾತು, ಕಾಲವು ಎಲ್ಲವನ್ನೂ ತೊಳೆದಿದೆ, ಈಗ ಉಳಿದಿರುವುದು ಕಲೆಯೊಂದೇ" ಎಂದು ಕೆಲವರು ಹೇಳಬಹುದು. ಈ ವಾದವು ಕೇಳಲು ಉದಾರವಾಗಿದೆ; ಆದರೆ ಪೆಟ್ಟು ತಿಂದವನ ಬಾಯಿಂದ ಬಂದಾಗ ಮಾತ್ರ ಅದು ಔದಾರ್ಯ. 2017ರಲ್ಲಿ, ಇದೇ ಸರಪಳಿಗೆ ಸೇರಿದ ಫ್ಲಿಂಟ್ ಕೋಟೆಯ ಬಳಿ ಕಬ್ಬಿಣದ ಬೃಹತ್ ಉಂಗುರವೊಂದನ್ನು ಶಿಲ್ಪವಾಗಿ ನಿಲ್ಲಿಸುವ ಯೋಜನೆ ಪ್ರಕಟವಾಯಿತು. ಎಡ್ವರ್ಡನ ಕೋಟೆಗಳ ಸಾಲನ್ನು 'ಕಬ್ಬಿಣದ ಉಂಗುರ' ಎಂದೇ ಕರೆಯುವ ರೂಢಿಯಿದೆ. ತಮ್ಮನ್ನು ಬಿಗಿದ ಸಂಕೋಲೆಗೆ ತಾವೇ ಸ್ಮಾರಕ ಕಟ್ಟುವುದೇ ಎಂದು ಸಾವಿರಾರು ಜನರು ಸಹಿ ಹಾಕಿ ಪ್ರತಿಭಟಿಸಿದರು. ಕೆಲವೇ ವಾರಗಳಲ್ಲಿ ಯೋಜನೆಯನ್ನು ಕೈಬಿಡಬೇಕಾಯಿತು. ಕಾಲವು ಗಾಯದ ಮೇಲೆ ಚರ್ಮವನ್ನು ಬೆಳೆಸುತ್ತದೆ, ನಿಜ. ಆದರೆ ಮುಟ್ಟಿದರೆ ನೋಯುವುದೋ ಇಲ್ಲವೋ ಎಂಬುದನ್ನು ಹೇಳಬೇಕಾದವನು ಗಾಯಗೊಂಡವನೇ ಹೊರತು ನೋಡಲು ಬಂದವನಲ್ಲ.

ಹಾಗಾದರೆ ಇಂತಹ ಕೋಟೆಗಳನ್ನು ನೋಡುವುದೇ ಬೇಡವೆಂದು ಮುಖ ತಿರುಗಿಸೋಣವೇ? ಇದೂ ಸರಿಯಾದ ಮಾರ್ಗವಲ್ಲ. ಕೊಲ್ಲಿಯ ಆಚೆಯ ಕ್ರಿಕಿಯೆತ್ ಕೋಟೆ ನಮಗೆ ಇದನ್ನು ತಿಳಿಸುತ್ತದೆ. ಅದನ್ನು ಮೊದಲು ಕಟ್ಟಿಸಿದವನು ಪರದೇಶದ ದೊರೆಯಲ್ಲ. ಅದೇ ನಾಡಿನ ಮಹಾ ಲೆವೆಲಿನ್. ಅಲ್ಲಿಗೆ ಹೋದವನು ಇದು ನಮ್ಮವರ ಕೋಟೆ, ಇಲ್ಲಿ ಸಂಕೋಚವಿಲ್ಲದೆ ಹೆಮ್ಮೆಪಡಬಹುದು ಎಂದುಕೊಳ್ಳಬಹುದು. ಆದರೆ 1239ರಲ್ಲಿ ಅದೇ ಕೋಟೆಯಲ್ಲಿ ಲೆವೆಲಿನ್ನನ ಒಬ್ಬ ಮಗ ದಾವಿಡ್, ತನ್ನ ಮಲಸೋದರ ಗ್ರಿಫಿತ್‌ನನ್ನು ಸೆರೆಯಲ್ಲಿಟ್ಟನು. ಮುಂದೆ ಆ ಗ್ರಿಫಿತ್ ಲಂಡನ್ ಗೋಪುರದ ಸೆರೆಗೆ ಹೋಗಿ, 1244ರಲ್ಲಿ ಹಗ್ಗ ಕಟ್ಟಿ ಇಳಿದು ತಪ್ಪಿಸಿಕೊಳ್ಳಲು ಹೋಗಿ ಬಿದ್ದು ಸತ್ತನು. ಎಡ್ವರ್ಡನ ವಿರುದ್ಧ ಹೋರಾಡಿ ಮಡಿದ ಲೆವೆಲಿನ್ ಈತನ ಮಗನೇ. ಅಣ್ಣತಮ್ಮಂದಿರ ನಡುವೆಯೂ ಗೋಡೆಯು ಗೋಡೆಯ ಕೆಲಸವನ್ನೇ ಮಾಡಿತು. ಪರರ ಕೋಟೆಯಲ್ಲಿ ಮಾತ್ರ ಕ್ರೌರ್ಯವನ್ನು ಕಂಡು, ತಮ್ಮವರ ಕೋಟೆಯಲ್ಲಿ ಶೌರ್ಯವನ್ನಷ್ಟೇ ಕಾಣುವ ಕಣ್ಣು ನ್ಯಾಯದ ಕಣ್ಣಲ್ಲ. ಅದು ಪಕ್ಷದ ಕಣ್ಣು.

ಕಲ್ಲಿಗಾದರೋ ಪಕ್ಷವೇ ಇಲ್ಲ. 1404ರಲ್ಲಿ ವೇಲ್ಸಿನ ಬಂಡಾಯದ ನಾಯಕ ಓವೈನ್ ಗ್ಲಿನ್‌ಡೂರ್ ಹಾರ್ಲೆಕ್ಕನ್ನು ಗೆದ್ದು ಅದನ್ನೇ ತನ್ನ ಕುಟುಂಬದ ಮನೆಯಾಗಿ ಮಾಡಿಕೊಂಡನು. ದಾಸ್ಯಕ್ಕೆಂದು ಕಟ್ಟಿದ ಗೋಡೆ ಐದು ವರ್ಷ ಸ್ವಾತಂತ್ರ್ಯದ ಆಸರೆಯಾಯಿತು. 1409ರಲ್ಲಿ ಕೋಟೆ ಮತ್ತೆ ಬಿದ್ದಾಗ ಅವನ ಪತ್ನಿಯೂ ಹೆಣ್ಣುಮಕ್ಕಳೂ ಸೆರೆಸಿಕ್ಕಿ ಲಂಡನ್ನಿಗೆ ಸಾಗಿಸಲ್ಪಟ್ಟರು. ನಿನ್ನೆ ಕಾಪಾಡಿದ ಬಾಗಿಲೇ ಇಂದು ಸೆರೆಯ ಬಾಗಿಲಾಯಿತು. ಆದುದರಿಂದ ಪಾಪಪುಣ್ಯಗಳನ್ನು ಕಲ್ಲಿನ ಮೇಲೆ ಹೊರಿಸುವುದು ವ್ಯರ್ಥ. ಅವು ಕಟ್ಟಿಸಿದವನ ಸಂಕಲ್ಪದಲ್ಲಿವೆ, ಕಟ್ಟಿದವನ ಬೆವರಿನಲ್ಲಿವೆ, ನೋಡುವವನ ಮನಸ್ಸಿನಲ್ಲಿಯೂ ಇವೆ.

ಕಟ್ಟಿದವನ ಮಾತನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಕೋಟೆಯ ವರ್ಣನೆಗಳಲ್ಲಿ ದೊರೆಯ ಹೆಸರಿದೆ. ಸವಾಯ್ ಪ್ರದೇಶದಿಂದ ಬಂದ ಪ್ರಧಾನ ಶಿಲ್ಪಿ ಸೇಂಟ್ ಜಾರ್ಜಿನ ಜೇಮ್ಸನ ಹೆಸರಿದೆ. ಸುಮಾರು 8,190 ಪೌಂಡುಗಳ ವೆಚ್ಚದ ಲೆಕ್ಕವೂ ಇದೆ. 1286ರ ಬೇಸಿಗೆಯಲ್ಲಿ ಆ ಬಂಡೆಯ ಮೇಲೆ ಸುಮಾರು 950 ಜನರು ದುಡಿಯುತ್ತಿದ್ದರು. ಕಟ್ಟಿ ಮುಗಿದ ಮೇಲೆ ಅದನ್ನು ಕಾಯಲು ನೇಮಿಸಿದವರು ಕೇವಲ 36 ಮಂದಿ. 36 ಜನರು ಒಂದು ಸೀಮೆಯನ್ನೇ ಅಂಕೆಯಲ್ಲಿಡಲು 950 ಜನರ ತೋಳು ಬೇಕಾಯಿತು. ಆ ತೋಳುಗಳ ಒಡೆಯರಲ್ಲಿ ಬಹುಪಾಲು ಜನರ ಹೆಸರು ನಮಗೆ ಉಳಿದಿಲ್ಲ. 1296ರಲ್ಲಿ ಬ್ಯೂಮಾರಿಸ್ ಕೆಲಸದಲ್ಲಿದ್ದ ಅದೇ ಜೇಮ್ಸನು ದೊರೆಯ ಖಜಾನೆಗೆ ಬರೆದ ಪತ್ರವೊಂದು ಉಳಿದಿದೆ. ನಾನೂರು ಕಲ್ಲುಕುಟಿಗರು, ಎರಡು ಸಾವಿರ ಕೂಲಿಕಾರರು ಇದ್ದಾರೆ; ಕೂಲಿ ಬಾಕಿಯಾಗಿದೆ; ಹೊಟ್ಟೆಗಿಲ್ಲದ ಇವರನ್ನು ಹಿಡಿದಿಡುವುದೇ ಕಷ್ಟವಾಗಿದೆ ಎಂಬುದು ಅದರ ಸಾರಾಂಶ. ಕಾಯಕದ ಗೌರವವನ್ನು ನಂಬಿದವರು ಕೋಟೆಯ ಮುಂದೆ ನಿಂತಾಗ ಮೊದಲು ನೆನೆಯಬೇಕಾದುದು ಆ ಪತ್ರವನ್ನೇ. ದಬ್ಬಾಳಿಕೆಯ ಗುರುತೆಂದು ಮುಖ ತಿರುಗಿಸಿ ನಡೆದರೆ ದೊರೆಗೆ ಏನೂ ನಷ್ಟವಿಲ್ಲ. ಈ ಅನಾಮಿಕರು ಮಾತ್ರ ಎರಡನೆಯ ಸಲ ಮರೆತುಹೋಗುತ್ತಾರೆ.

ಇಲ್ಲಿಯೇ ಕಾಲ್ನಡಿಗೆಯ ಅರ್ಥವೂ ತೆರೆದುಕೊಳ್ಳುತ್ತದೆ. ವಾಹನದಲ್ಲಿ ನೇರವಾಗಿ ಕೋಟೆಯ ಬಾಗಿಲಿಗೆ ಬಂದಿಳಿಯುವವನು ಅಧಿಕಾರಿ ನಿಂತು ನೋಡುತ್ತಿದ್ದ ಎತ್ತರದಿಂದಲೇ ತನ್ನ ನೋಟವನ್ನು ಆರಂಭಿಸುತ್ತಾನೆ. ಕೆಳಗಿನ ಬಯಲಿನಿಂದ ನಡೆದು ಬರುವವನಿಗೆ ಕೋಟೆಯು ಮೊದಲು ಕೆಳಗಿದ್ದವರಿಗೆ ಕಂಡಂತೆಯೇ ಕಾಣುತ್ತದೆ: ತಲೆಯ ಮೇಲೆ ತೂಗುವ ಭಾರವಾಗಿ, ಎಲ್ಲಿ ಹೋದರೂ ಬಿಡದ ಕಣ್ಣಾಗಿ. ಮೆಟ್ಟಿಲೇರುವಾಗ ಉಸಿರು ಕಟ್ಟಿದ ಕ್ಷಣದಲ್ಲಿ ಕಲ್ಲು ಹೊತ್ತವನ ನೆನಪು ಪುಸ್ತಕದಿಂದಲ್ಲದೆ ದೇಹದಿಂದಲೇ ಬರುತ್ತದೆ. ಆದರೆ ನಡೆದುಬಂದೆನೆಂಬ ಅಹಂಕಾರವೂ ಸಲ್ಲದು. ಬಿಡುವಿನಲ್ಲಿ ಸುರಿಸಿದ ಬೆವರೂ ಹಸಿವಿನಲ್ಲಿ ಸುರಿಸಿದ ಬೆವರೂ ಒಂದೇ ತೂಕದವಲ್ಲ. ನಡಿಗೆಯು ನಮಗೆ ಆ ಕೂಲಿಕಾರನ ನೋವನ್ನು ಕೊಡಲಾರದು. ಅವನಿದ್ದನೆಂಬ ಅರಿವನ್ನು ಮಾತ್ರ ಕೊಡಬಲ್ಲದು. ಅಷ್ಟೇ ಸಾಕು, ಅದೇ ಬಹಳ.

ಸ್ಥಾವರವು ಅಳಿಯುವುದು, ಚಲಿಸುವುದು ಉಳಿಯುವುದು ಎಂಬ ತತ್ತ್ವದಲ್ಲಿ ಬೆಳೆದ ನಾವು, ಪಾಳುಗೋಡೆಯನ್ನು ಕಂಡೊಡನೆ ಆ ಮಾತನ್ನು ಹೇಳಿ ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಆತುರದಿಂದ ಹೇಳಿದರೆ ಅದೂ ಒಂದು ಬಗೆಯ ಮರೆವೇ. ಹಾರ್ಲೆಕ್ಕಿನ ಕಲ್ಲು ಇನ್ನೂ ನಿಂತಿದೆ. ಅದನ್ನು ಹೊತ್ತವರು ಅಳಿದುಹೋಗಿದ್ದಾರೆ. ಅಲ್ಲಿ ನಿಜವಾಗಿ ಉಳಿದ ಚಲನಶೀಲ ವಸ್ತು ಬೇರೊಂದಿದೆ. ಗೋಡೆಗಳಾಚೆಗೆ ಅಟ್ಟಲ್ಪಟ್ಟವರ ನುಡಿಯದು. 2021ರ ಜನಗಣತಿಯಂತೆ ಗ್ವಿನೆಡ್ ಪ್ರಾಂತದಲ್ಲಿ ನೂರಕ್ಕೆ 64ಕ್ಕೂ ಹೆಚ್ಚು ಜನರು ವೆಲ್ಷ್ ಭಾಷೆಯನ್ನು ಬಲ್ಲರು. ಅವರ ಹಳೆಯ ಕಥೆಗಳಲ್ಲಿ ಹಾರ್ಲೆಕ್ ಬಂಡೆಯು ಬೆಂಡಿಗೇಡ್‌ವ್ರಾನ್ ಎಂಬ ದೈತ್ಯದೊರೆ ಕುಳಿತು ಕಡಲನ್ನು ನೋಡುತ್ತಿದ್ದ ಸ್ಥಳ. ಆ ಕಥೆಯಲ್ಲಿ ಎಡ್ವರ್ಡನೂ ಇಲ್ಲ, ಕೋಟೆಯೂ ಇಲ್ಲ. ಬಂಡೆಯನ್ನು ಗೆದ್ದವನಿಗೆ ಬಂಡೆಯ ಕಥೆಯನ್ನು ಗೆಲ್ಲಲಾಗಲಿಲ್ಲ.

ಆದುದರಿಂದ ನೋಡುವವನ ಧರ್ಮವು ಆನಂದವನ್ನು ತ್ಯಜಿಸುವುದರಲ್ಲಿಲ್ಲ, ಅದನ್ನು ತಿಳಿವಿನಿಂದ ಪಡೆಯುವುದರಲ್ಲಿದೆ. ವೇಲ್ಸಿನ ಕೋಟೆಯಾಗಲಿ, ನಮ್ಮ ಊರಿನ ಬೆಟ್ಟದ ಕೋಟೆಯಾಗಲಿ, ಬಾಗಿಲನ್ನು ದಾಟುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಯಾರ ಕೈ ಇದನ್ನು ಕಟ್ಟಿತು? ಇದು ಯಾರ ಕೈಯನ್ನು ಕಟ್ಟಿಹಾಕಿತು? ಈ ಎರಡಕ್ಕೂ ಉತ್ತರವನ್ನು ಅರಸಿದ ಮೇಲೆ ಗೋಡೆಯ ಮೇಲೆ ನಿಂತು ಕಡಲನ್ನು ನೋಡಿದರೆ, ಆ ಆನಂದವು ಯಾರನ್ನೂ ಅವಮಾನಿಸದು. ಕೇಳದೆಯೇ ಪಡೆದ ಆನಂದವಾದರೋ, ಇನ್ನೊಬ್ಬನ ಬಾಕಿ ಕೂಲಿಯಲ್ಲಿ ಉಂಡ ಊಟದಂತೆ.