ಇಂದಿನ ಧಮ್ಮ ಚಿಂತನೆ: ಮುಚ್ಚಿದಲ್ಲಿ ಸೋರುವ ಮಳೆ



ಕಳೆದ ವಾರದ ಓದಿನಲ್ಲಿ ಒಂದು ಪ್ರಶ್ನೆ ಬಂತು. ಧಮ್ಮಪದದ ಯಮಕ ವರ್ಗದ 13 ಮತ್ತು 14ನೇ ಗಾಥೆಗಳಲ್ಲಿ ಮನಸ್ಸಿಗೆ ಮಾಡಿನ ಹೋಲಿಕೆ ಇದೆ. ಹೊದಿಕೆ ಚೆನ್ನಾಗಿರಲಿ, ಮಳೆ ಒಳಗೆ ಬಾರದಿರಲಿ ಎಂಬುದು ಅಲ್ಲಿನ ತಾತ್ಪರ್ಯ. ಉದಾನದ ಉಪೋಸಥ ಸುತ್ತದಲ್ಲಿ ಮಾತು ತಿರುಗುಮುರುಗು: ಮುಚ್ಚಿಟ್ಟದ್ದೇ ಮಳೆಗೆ ನೆನೆಯುವುದು, ಆದ್ದರಿಂದ ತೆರೆಯಿರಿ ಎಂಬ ಅರ್ಥ. "ಮೇಡಂ, ಹಾಗಾದರೆ ಮುಚ್ಚಬೇಕೋ, ತೆರೆಯಬೇಕೋ?" ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಮುಂದಿನ ವಾರ ಹೇಳುತ್ತೇನೆ ಎಂದು ಜಾರಿಕೊಂಡೆ. ಉತ್ತರ ಗೊತ್ತಿತ್ತು. ಹೇಳಬೇಕಾದರೆ ನನ್ನ ಮನೆಯ ಮಾತನ್ನೂ ಹೇಳಬೇಕಿತ್ತು.

ಕಳೆದ ವರ್ಷ ಬೇಸಿಗೆ ರಜೆಗೆ ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಇಲ್ಲಿ ಉರಿಬಿಸಿಲು, ಅಲ್ಲಿ ಜಿಟಿಜಿಟಿ ಮಳೆ. ತಮ್ಮ ಹಳೆಯದೊಂದು ಟ್ರಕ್ ಕ್ಯಾಂಪರ್ ಕೊಂಡಿದ್ದ. ಪಿಕಪ್ ಗಾಡಿಯ ಹಿಂಭಾಗದಲ್ಲಿ ಹೊತ್ತುಕೊಂಡು ಹೋಗುವ ಪುಟ್ಟ ಮನೆ ಅದು. ಒಲೆ, ಸಿಂಕು, ಮೇಜು ಎಲ್ಲ ಇರುತ್ತವೆ; ಗಾಡಿಯ ಮುಂಭಾಗದ ಮೇಲಕ್ಕೆ ಚಾಚಿಕೊಂಡ ಜಾಗದಲ್ಲಿ ಹಾಸಿಗೆ. ಬೇಡದಾಗ ನಾಲ್ಕು ಮೂಲೆಯ ಜಾಕ್‌ಗಳ ಮೇಲೆ ಅದನ್ನು ನಿಲ್ಲಿಸಿ ಅಡಿಯಿಂದ ಗಾಡಿಯನ್ನು ಈಚೆಗೆ ತೆಗೆಯಬಹುದು. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಥರ್ಮಕೋಲಿನಂಥದ್ದು. ಎಲ್ಲವನ್ನೂ ಹಿಡಿದು ನಿಲ್ಲಿಸಿರುವುದು ತೆಳ್ಳನೆಯ ಮರದ ಪಟ್ಟಿಗಳ ಚೌಕಟ್ಟು. ನೋಡಲು ತಗಡಿನ ಪೆಟ್ಟಿಗೆ, ನಿಜಕ್ಕೂ ಮರದ ಮನೆ.

ಕೊಂಡಾಗ ಒಳಗೆಲ್ಲ ಹೊಸ ಬಿಳಿ ಹಲಗೆ ಹೊಡೆದು ಥಳಥಳ ಅನ್ನುತ್ತಿತ್ತಂತೆ. ಮೊದಲ ಮಳೆಗಾಲಕ್ಕೇ ಹಾಸಿಗೆಯ ಮೂಲೆ ಒದ್ದೆ, ಮುಗ್ಗಲು ವಾಸನೆ. ಹೆಬ್ಬೆರಳಲ್ಲಿ ಒತ್ತಿದರೆ ಗೋಡೆ ತಗ್ಗುತ್ತಿತ್ತು. ನಾನು ಹೋದ ಎರಡನೇ ವಾರ ದೊಡ್ಡ ಟಾರ್ಪಾಲಿನ ಕೆಳಗೆ ಅದನ್ನು ನಿಲ್ಲಿಸಿ ಹಲಗೆ ಕಿತ್ತ. ನಾನು ಟಾರ್ಚು ಹಿಡಿದೆ.

ಒಳಗಿನ ಮರ ಕಂದುಗಟ್ಟಿ, ಇದ್ದಿಲಿನ ಹಾಗೆ ಚೌಕಚೌಕವಾಗಿ ಸೀಳಿತ್ತು, ಮುಟ್ಟಿದರೆ ಪುಡಿ. ಊರಿನ ಹಂಚಿನ ಮನೆಯಲ್ಲಿ ಮುಂಗಾರಿಗೆ ಮೊದಲು ಹಂಚು ಕೈಯಾಡಿಸುವಾಗ ಅಪ್ಪ ಕತ್ತಿಯ ಹಿಡಿಯಿಂದ ತೊಲೆ ಬಡಿದು ಸದ್ದು ಕೇಳುತ್ತಿದ್ದರು. ತಮ್ಮ ಸ್ಕ್ರೂ ಡ್ರೈವರಿನ ಹಿಡಿಯಿಂದ ಥೇಟ್ ಹಾಗೇ ಬಡಿಯುತ್ತಿದ್ದ. ಗಟ್ಟಿ ಮರ ಟಣ್ ಅಂದರೆ ಕೊಳೆತದ್ದು ದಬ್ ಅನ್ನುತ್ತದೆ.

ನೀರು ಬರುತ್ತಿದ್ದ ಜಾಗವೇ ಬೇರೆ. ಮುಂಭಾಗದ ನೆತ್ತಿಯ ಮೇಲೆ ಪುಟ್ಟ ಹಳದಿ ದೀಪಗಳಿರುತ್ತವೆ. ಅವುಗಳ ಕೆಳಗಿನ ಅಂಟುಪಟ್ಟಿ ವರ್ಷಗಳಲ್ಲಿ ಒಣಗಿ ಕುಗ್ಗಿ, ಸ್ಕ್ರೂ ತೂತಿನಿಂದ ನೀರಿಳಿದು, ತಗಡಿನ ಒಳಮೈಗುಂಟ ಹರಿದು ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ ನಿಲ್ಲುತ್ತಿತ್ತು. ಹಿಂದಿನವರು ಯಾರೋ ಹೊರಗೆ ಸಿಲಿಕೋನ್ ಮೆತ್ತಿ, ಒಳಗೆ ಕೊಳೆತ ಗೋಡೆಯ ಮೇಲೇ ಹೊಸ ಹಲಗೆ ಹೊಡೆದಿದ್ದರು. ಮರವನ್ನು ತಿನ್ನುವುದು ನೀರಲ್ಲ, ತೇವದಲ್ಲಿ ಬದುಕುವ ಶಿಲೀಂಧ್ರ. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಗಾಳಿಯಾಡಿದ್ದರೆ ನೆನೆದ ಮರ ಒಣಗುತ್ತಿತ್ತು. ಹೊಸ ಹಲಗೆ ಮಳೆಯನ್ನು ತಡೆಯಲಿಲ್ಲ, ಒಳಗಿನ ತೇವ ಹೊರಗೆ ಹೋಗದಂತೆ ತಡೆಯಿತು. ಗಟ್ಟಿ ಮರದ ಮೇಲಿನ ಹೊದಿಕೆ ಧಮ್ಮಪದದ ಮಾಡು. ಒದ್ದೆ ಮರದ ಮೇಲಿನದು ಉದಾನ ಹೇಳುವ ಮುಚ್ಚುಮರೆ. ಹಿರಿಯರ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟು.

ಇನ್ನು ನನ್ನ ಮಾತು. ಕೊಳೆತದ್ದನ್ನು ಕೆರೆಯುತ್ತ ತಮ್ಮ ತನ್ನಷ್ಟಕ್ಕೇ ಅಂದ, "ಅವ್ವ ಆಸ್ಪತ್ರೇಲಿದ್ದಾಗ ನಾನು ಇನ್ನೊಂದಷ್ಟು ಕಳಿಸಿದ್ರೆ ಅವಳ ಸರ ಉಳೀತಿತ್ತು ಅಕ್ಕ. ಇಂಥದಕ್ಕೆ ದುಡ್ಡು ಹಾಕೋವಾಗೆಲ್ಲ ಅದೇ ನೆನಪಾಗುತ್ತೆ."

ಅವ್ವನ ಎರಡೆಳೆ ಸರ ಆಸ್ಪತ್ರೆಗೆ ಹೋಗಿರಲಿಲ್ಲ. ಆಸ್ಪತ್ರೆಗೆ ಅವನು ಕಳಿಸಿದ್ದೇ ಸಾಕಾಗಿತ್ತು. ಸೈಟಿನ ಕಂತಿಗೆಂದು ನಾನೇ ಗಿರವಿ ಇಟ್ಟೆ, ಬಿಡಿಸಿಕೊಳ್ಳಲಾಗಲಿಲ್ಲ, ಹರಾಜಾಯಿತು. ಅವ್ವ ತೀರಿಕೊಂಡ ಮೇಲೆ ಅವನು ಕೇಳಿದಾಗ ಆಸ್ಪತ್ರೆ ಖರ್ಚಿಗೆ ಮಾರಿದೆ ಅಂದುಬಿಟ್ಟೆ. ಆಮೇಲೆ ಆ ಸುಳ್ಳಿಗೆ ಒಪ್ಪುವ ಲೆಕ್ಕ ಹೇಳಿದೆ, ಬಿಲ್ಲು ಕಳೆದಿದೆ ಅಂದೆ. ಪದರದ ಮೇಲೆ ಪದರ. ಏಳು ವರ್ಷ ನನ್ನ ಮಾನ ಮಾತ್ರ ಲೆಕ್ಕ ಹಾಕಿದ್ದೆ. ನೀರು ಹರಿದು ಅವನ ಮೂಲೆಯಲ್ಲಿ ನಿಂತಿದ್ದು ನನಗೆ ಕಂಡಿರಲಿಲ್ಲ.

ಟಾರ್ಚು ಹಿಡಿದುಕೊಂಡೇ ಹೇಳಿದೆ. ಅವನು ಚಾಣ ಕೆಳಗಿಟ್ಟು ಮನೆಯೊಳಗೆ ಹೋದ. ಎರಡು ದಿನ ಊಟಕ್ಕೆ ಬಾ ಅನ್ನುವುದರ ಹೊರತು ಮಾತಿಲ್ಲ.

ಆ ರಾತ್ರಿಗಳಲ್ಲಿ ಉಪೋಸಥ ಸುತ್ತವೇ ನೆನಪಿಗೆ ಬರುತ್ತಿತ್ತು. ಸಾವತ್ಥಿಯ ಪುಬ್ಬಾರಾಮದಲ್ಲಿ ಭಿಕ್ಖುಗಳೆಲ್ಲ ಕೂತಿದ್ದಾರೆ. ಪಾತಿಮೋಕ್ಖ ಹೇಳಬೇಕೆಂದು ಆನಂದರು ರಾತ್ರಿಯ ಒಂದೊಂದು ಜಾವಕ್ಕೂ ಎದ್ದು, ಮೂರು ಸಲ ಬೇಡುತ್ತಾರೆ, ಭಗವಾನರು ಮೌನ. ಕೊನೆಗೆ, ಸಭೆ ಶುದ್ಧವಿಲ್ಲ ಎನ್ನುತ್ತಾರೆ. ಮೊಗ್ಗಲ್ಲಾನರು ಆ ಒಬ್ಬನನ್ನು ಗುರುತಿಸಿ ತೋಳು ಹಿಡಿದು ಹೊರಗೆ ಕಳಿಸುತ್ತಾರೆ. ಅವನನ್ನು ಬಣ್ಣಿಸಲು ಅಲ್ಲಿರುವ ಪಾಳಿ ಪದಗಳಲ್ಲಿ ಎರಡು 'ಅಂತೋಪೂತಿ', 'ಅವಸ್ಸುತ': ಒಳಗೇ ಕೊಳೆತವನು, ಸೋರುವವನು. ಎಂಎ ಓದುವಾಗ ಇವು ಬರೀ ಅಲಂಕಾರ ಅಂದುಕೊಂಡಿದ್ದೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಮೂರು ಜಾವ ಸಮಯವಿತ್ತು. ಬಾಯಿ ಬಿಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಮೂರನೇ ದಿನ ತಮ್ಮ ಕರೆದ. "ಅಕ್ಕ, ಆ ಫ್ಯಾನು ಈ ಕಡೆ ತಿರುಗಿಸು." ಅಷ್ಟೇ. ಎರಡು ಮುಳ್ಳಿನ ತೇವಮಾಪಕವನ್ನು ಮರಕ್ಕೆ ಚುಚ್ಚಿದ. 26 ತೋರಿಸಿತು. ಹೊಸ ಪಟ್ಟಿ ಕೂಡಿಸೋಣವೇ ಎಂದು ನಾನು ಆತುರಪಟ್ಟೆ. "ಇವತ್ತೇ ಮುಚ್ಚಬಾರದು. ಒಣಗೋಕೆ ಬಿಡಬೇಕು" ಅಂದ. ಮರದ ಬಗ್ಗೆಯೇ ಹೇಳಿದ ಅಂದುಕೊಂಡೆ.

ಸಿಲಿಕೋನ್ ಕೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂಚೂರು ಉಳಿದರೂ ಅದರ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ. ಉಗುರು ಸವೆಯಿತು. ಗಟ್ಟಿ ಮರ ಸಿಗುವವರೆಗೆ ಅವನು ಕತ್ತರಿಸುತ್ತ ಹೋದ. ಅಂದುಕೊಂಡದ್ದಕ್ಕಿಂತ ಮೂರು ಗೇಣು ಹೆಚ್ಚೇ ಹೋಯಿತು. ನಾನು ಹೊರಡುವ ದಿನ 17 ಇತ್ತು. ಗೋಡೆ ಇನ್ನೂ ತೆರೆದೇ ಇತ್ತು.

ಆಮೇಲೆ ಹೊಸ ಪಟ್ಟಿಗಳನ್ನು ಅಂಟು, ಸ್ಕ್ರೂ ಹಾಕಿ ಕೂಡಿಸಿ, ದೀಪಗಳ ಕೆಳಗೆ ಹೊಸ ಬ್ಯುಟೈಲ್ ಪಟ್ಟಿ ಇಟ್ಟು ಬಿಗಿದನಂತೆ. ಸರದ ಅರ್ಧ ತೂಕದ ಬೆಲೆಯನ್ನು ನಾನು ತಿಂಗಳ ಕಂತಿನಲ್ಲಿ ಅವನ ಇಲ್ಲಿನ ಖಾತೆಗೆ ಹಾಕುತ್ತಿದ್ದೇನೆ. ಮೊದಲು ಬೇಡ ಅಂದಿದ್ದ, ಒಂದು ತಿಂಗಳ ಮೇಲೆ ತಾನೇ ಖಾತೆ ನಂಬರು ಕಳಿಸಿದ.

ಮೊನ್ನೆ ಫೋನಿನಲ್ಲಿ, "ಒಂದು ಮಳೆಗಾಲ ಕಳೀತು ಅಕ್ಕ, ಮೂಲೆ ಒಣಗೇ ಇದೆ" ಅಂದ. ಸರದ ಮಾತು ಎತ್ತಲಿಲ್ಲ. ಈ ತಿಂಗಳಿನದು ಹಾಕಿದ್ದೇನೆಂದು ನಾನೂ ಹೇಳಲಿಲ್ಲ. ಬ್ಯಾಂಕಿನಿಂದ ಅವನಿಗೆ ಮೆಸೇಜು ಹೋಗಿರುತ್ತದೆ.