ಧ್ಯಾನಕ್ಕೆ ಅಂಕಗಳುಂಟೆ?

ಮಠದ ಪ್ರಸಾದನಿಲಯದಲ್ಲಿದ್ದು ಓದಿದವರಿಗೆ ಸಂಜೆಯ ಸಾಮೂಹಿಕ ಪ್ರಾರ್ಥನೆ ನೆನಪಿರಲೇಬೇಕು. ಕರಸ್ಥಲದಲ್ಲಿ ಇಷ್ಟಲಿಂಗ, ಅರೆತೆರೆದ ಕಣ್ಣು, ಸುತ್ತಲೂ ಮೌನ. ನಮ್ಮಲ್ಲಿ ಅನೇಕರ ಮನಸ್ಸು ಮಾತ್ರ ದಾಸೋಹದ ಗಂಟೆಯ ಕಡೆಗೆ! ಆ ಮೌನಕ್ಕೆ ಯಾರೂ ನಮಗೆ ಅಂಕ ಕೊಡಲಿಲ್ಲ. ಅನುತ್ತೀರ್ಣರಾದಿರೆಂದು ಹೇಳಲೂ ಇಲ್ಲ. ಇಂದು ಅಂಥದೇ ಮೌನವು ದೂರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನದ ವಿಷಯವಾಗಿದೆ. ಇದನ್ನು ನಾವು ಹೇಗೆ ಕಾಣಬೇಕೆಂಬುದು ವಿಚಾರಣೀಯವಾದ ಪ್ರಶ್ನೆ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ 1979ರಲ್ಲಿ ಜಾನ್ ಕಬಟ್-ಝಿನ್ ಎಂಬ ವಿಜ್ಞಾನಿ, ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಎಂಟು ವಾರಗಳ ಒಂದು ಸಾಧನಕ್ರಮವನ್ನು ಆರಂಭಿಸಿದರು. ಬೌದ್ಧ ಧ್ಯಾನದ ತಿರುಳನ್ನು ಮತಧರ್ಮದ ಆವರಣದಿಂದ ಹೊರತಂದು, ಆಸ್ಪತ್ರೆಯ ಭಾಷೆಯಲ್ಲಿ ಹೇಳಿದ್ದು ಅವರ ವೈಶಿಷ್ಟ್ಯ. 'ಮೈಂಡ್‌ಫುಲ್‌ನೆಸ್' ಎಂದು ಹೆಸರಾದ ಈ ಸಾವಧಾನತೆಯ ಅಭ್ಯಾಸಕ್ಕಾಗಿ ಆಕ್ಸ್‌ಫರ್ಡ್‌ನಲ್ಲಿ 2008ರಲ್ಲಿ ಒಂದು ಕೇಂದ್ರವೇ ಸ್ಥಾಪನೆಗೊಂಡಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಧ್ಯಾನಾಧ್ಯಯನವು ಪದವಿ ತರಗತಿಯ ಮುಖ್ಯ ವಿಷಯವಾಗಿ ಅಂಗೀಕೃತವಾಯಿತು. ಅಲ್ಲಿನ ಪ್ರಾಧ್ಯಾಪಕ ಹೆರಾಲ್ಡ್ ರಾತ್ ಅವರ ಪದ್ಧತಿಯಲ್ಲಿ, ವಿದ್ಯಾರ್ಥಿಯು ಗ್ರಂಥಗಳನ್ನು ಓದುವುದರ ಜೊತೆಗೆ ಸ್ವತಃ ಕುಳಿತು ಅಭ್ಯಾಸವನ್ನೂ ಮಾಡಬೇಕು. ಅನಂತರ ತನ್ನ ಅನುಭವವನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕು.

ಇದನ್ನು ಕೇಳಿದೊಡನೆ ನಮ್ಮಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. "ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು" ಎಂಬುದು ಒಂದು. "ಧ್ಯಾನವನ್ನು ಸಂತೆಗೆ ತಂದರು" ಎಂಬುದು ಇನ್ನೊಂದು. ಮೊದಲನೆಯದು ಅಭಿಮಾನ, ಎರಡನೆಯದು ಅಸಹನೆ. ಎರಡರಲ್ಲಿಯೂ ವಿಚಾರವಿಲ್ಲ.

ವಿಶ್ವವಿದ್ಯಾಲಯದಿಂದ ನಾವು ಕಲಿಯಬೇಕಾದುದು ಒಂದಿದೆ, ಅದು ಪ್ರಾಮಾಣಿಕತೆ. ಮರುಕಳಿಸುವ ಖಿನ್ನತೆಯನ್ನು ತಡೆಯಲು ಈ ಅಭ್ಯಾಸ ನೆರವಾಗುವುದೇ ಎಂದು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದ ವಿದ್ವಾಂಸರು, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾದವರಿಗೆ ಪ್ರಯೋಜನ ಕಂಡಿತೆಂದೂ ಎರಡೇ ಬಾರಿ ಒಳಗಾದವರಿಗೆ ಕಾಣಲಿಲ್ಲವೆಂದೂ ಸ್ಪಷ್ಟವಾಗಿ ಬರೆದರು. ಧ್ಯಾನಿಗಳಲ್ಲಿ ಕೆಲವರಿಗೆ ಭಯ, ಆತಂಕ, ನಿದ್ರೆಯ ವ್ಯತ್ಯಯಗಳು ಉಂಟಾದುದನ್ನು ಬ್ರೌನ್ ವಿಶ್ವವಿದ್ಯಾಲಯದವರೇ 2017ರಲ್ಲಿ ದಾಖಲಿಸಿದರು. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಹಾಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂದಾಗ, ಶಾಲೆಗಳ ಎಂದಿನ ಬೋಧನೆಗಿಂತ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲವೆಂಬುದನ್ನು ಅದರ ಸಂಶೋಧಕರು ಮುಚ್ಚಿಡಲಿಲ್ಲ. ತಾನು ನೆಚ್ಚಿದ ಸಾಧನೆಯ ಸೋಲನ್ನು ತಾನೇ ಸಾರುವ ಈ ಧೈರ್ಯ ಸಂಪ್ರದಾಯಸ್ಥರಾದ ನಮ್ಮಲ್ಲಿ ಎಷ್ಟಿದೆ? ಸಾಧಕನ ಮನಸ್ಸು ನಿಲ್ಲದಿದ್ದರೆ ಅವನ ಶ್ರದ್ಧೆ ಸಾಲದೆಂದು ಹೇಳಿ ಮುಗಿಸುವುದು ನಮಗೆ ಸುಲಭವಾಗಿದೆ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಬುದ್ಧನ ಅಷ್ಟಾಂಗಮಾರ್ಗದಲ್ಲಿ ಸಮ್ಯಕ್ ಸ್ಮೃತಿ ಏಳನೆಯ ಅಂಗ. ಸಮ್ಯಕ್ ವಾಕ್ಕು, ಸಮ್ಯಕ್ ಕರ್ಮ, ಸಮ್ಯಕ್ ಜೀವನೋಪಾಯಗಳು ಅದಕ್ಕಿಂತ ಮೊದಲು ಬರುತ್ತವೆ. ಏಳನೆಯದೊಂದನ್ನೇ ಬೇರ್ಪಡಿಸಿ ತೆಗೆದರೆ ಉಳಿಯುವುದು ಏನು? ಏಕಾಗ್ರತೆ ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕನ್ನಗಳ್ಳನಿಗೂ ಏಕಾಗ್ರತೆ ಬೇಕು. ಅವನಷ್ಟು ಸಾವಧಾನದಿಂದ ಹೆಜ್ಜೆಯಿಡುವವರು ವಿರಳ! ಮನಸ್ಸು ಶಾಂತವಾದುದರಿಂದಲೇ ಮನುಷ್ಯ ಸಜ್ಜನನಾದನೆಂದು ತಿಳಿಯಲಾಗದು. ಆಳಿನ ಕೂಲಿಯನ್ನು ಹಿಡಿದಿಟ್ಟ ಒಡೆಯನೂ ಶಾಂತವಾಗಿ ನಿದ್ರಿಸಬಲ್ಲನು.

ಹಾಗಾದರೆ ಧ್ಯಾನಕ್ಕೆ ಅಂಕಗಳುಂಟೆ? ಧ್ಯಾನದ ಇತಿಹಾಸಕ್ಕೆ ಅಂಕಗಳುಂಟು, ಅದರ ಶಾಸ್ತ್ರಕ್ಕೆ ಉಂಟು, ಅದರ ಬಗ್ಗೆ ಮಾಡಿದ ವಿಮರ್ಶೆಗೂ ಉಂಟು. ನಮ್ಮ ನುಡಿಯಲ್ಲಿ ಅನುಭವ ಬೇರೆ, ಅನುಭಾವ ಬೇರೆ. ಅನುಭವವನ್ನು ವರ್ಣಿಸಬಹುದು, ಹೋಲಿಸಬಹುದು, ಉತ್ತರಪತ್ರಿಕೆಯಲ್ಲಿ ಬರೆಯಲೂಬಹುದು. ಅನುಭಾವ ಮಾತ್ರ ಆಚಾರವಾಗಿ ನಡೆಯಲ್ಲಿ ಕಾಣಬೇಕಾದುದು. ಅದರ ಪರೀಕ್ಷಕರು ಪ್ರಾಧ್ಯಾಪಕರಲ್ಲ. ಮನೆಯವರು, ನೆರೆಯವರು, ಕೈಕೆಳಗೆ ದುಡಿಯುವವರು.

ಈ ವಿಚಾರ ನಮಗೆ ದೂರದ್ದಲ್ಲ. ನಮ್ಮ ಮಠಗಳು ಶಾಲೆ ಕಾಲೇಜುಗಳನ್ನು ನಡೆಸುತ್ತಿವೆ. ಅಲ್ಲಿಯೂ ಧ್ಯಾನದ ತರಗತಿಯನ್ನು ತೆರೆದು ಪ್ರಮಾಣಪತ್ರ ಕೊಡಬೇಕೆಂಬ ಆಸೆ ಹುಟ್ಟುವುದು ಸಹಜ. ತೆರೆಯಲಿ, ತಪ್ಪಿಲ್ಲ. ಆದರೆ ಮೂರು ಮಾತು ನೆನಪಿರಲಿ. ಯಾರಿಗೆ ಪ್ರಯೋಜನ, ಯಾರಿಗೆ ತೊಂದರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮನಸ್ಸು ಕದಡಿದ ವಿದ್ಯಾರ್ಥಿಯನ್ನು ವೈದ್ಯರ ಬಳಿಗೆ ಕಳುಹಿಸಲು ಸಂಕೋಚಪಡಬಾರದು. ಕಲಿಸುವವನು ಸ್ವತಃ ಸಾಧಕನಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯವಾದ ದೂರನ್ನು ಹೊತ್ತುಬಂದ ವಿದ್ಯಾರ್ಥಿಗೆ 'ಕಣ್ಣು ಮುಚ್ಚಿ ಕುಳಿತುಕೋ, ಸಮಾಧಾನವಾಗುತ್ತದೆ' ಎಂದು ಹೇಳಲು ಧ್ಯಾನವನ್ನು ಬಳಸಬಾರದು. ಆತನಿಗೆ ಮೊದಲು ಸಲ್ಲಬೇಕಾದುದು ನ್ಯಾಯ.

ಮತ್ತೆ ಪ್ರಸಾದನಿಲಯ ನೆನಪಾಗುತ್ತದೆ. ಪ್ರಾರ್ಥನೆಯಲ್ಲಿ ನಮ್ಮ ಮನಸ್ಸು ಎಲ್ಲಿತ್ತೆಂದು ನಮ್ಮ ಗುರುಗಳು ಒಮ್ಮೆಯೂ ಕೇಳಲಿಲ್ಲ. ಆದರೆ ಪಂಕ್ತಿಯಲ್ಲಿ ಚಿಕ್ಕ ಹುಡುಗನಿಗೆ ಮೊದಲು ಬಡಿಸಿದೆವೋ ಇಲ್ಲವೋ, ತಟ್ಟೆಯಲ್ಲಿ ಅನ್ನ ಬಿಟ್ಟೆವೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಧ್ಯಾನದ ಪರೀಕ್ಷೆ ಅಲ್ಲಿ ನಡೆಯುತ್ತಿತ್ತೆಂಬುದು ನಮಗೆ ಆಗ ತಿಳಿದಿರಲಿಲ್ಲ. ಆ ಪರೀಕ್ಷೆ ಇನ್ನೂ ಮುಗಿದಿಲ್ಲ.